ತುದಿ ಮಡಚಿದ ರೀಲು

ಕಪಿಲೆಯ ದಡದಲ್ಲಿ ತಾಂಡವಯ್ಯ ಎಂಬ ಗುರುಗಳಿದ್ದರು. ಆಶ್ರಮ ಎಂದರೆ ಒಂದು ಹೆಂಚಿನ ಕೋಣೆ, ಒಂದು ಹಳೇ ರೀಲು ಕ್ಯಾಮೆರಾ, ಪಾರಿಜಾತ ಎಂಬ ಒಬ್ಬಳೇ ಶಿಷ್ಯೆ.

ಸ್ನಾನಘಟ್ಟದ ಬೀದಿಗೋಡೆಯ ಮೇಲೆ ಪೇಂಟರ್ ಇಸ್ಮಾಯಿಲ್ ಚಿತ್ರ ಬರೆದಿದ್ದ: ಕೊಕ್ಕರೆ, ಎಮ್ಮೆ, ಮಗನ ಕಿವಿ ಹಿಡಿದು ಮೈ ಉಜ್ಜುವ ತಾಯಿ. ಇಸ್ಮಾಯಿಲ್ ಗುರುಗಳ ಜೀವದ ಗೆಳೆಯ. ತೀರಿಕೊಂಡು ವರ್ಷವಾಗಿತ್ತು.

ಒಂದು ದಿನ ಗುರುಗಳು ಹೇಳಿದರು, "ನಾಳೆ ಆ ಗೋಡೆಗೆ ಸುಣ್ಣ ಹೊಡೀತಾರಂತೆ. ಬೆಳಗಿನ ಬಿಸಿಲಲ್ಲಿ ನಾನು ಹೋದ ವಾರವೇ ಫೋಟೋ ತೆಗೆದಿಟ್ಟಿದ್ದೀನಿ. ಇವತ್ತು ಇಳಿಬಿಸಿಲಲ್ಲಿ ನೀನು ತೆಗಿ. ಡಬ್ಬದಲ್ಲಿ ಹೊಸ ರೀಲಿದೆ."

"ಏನಾದರೂ ನೆನಪಿಟ್ಟುಕೋಬೇಕಾ, ಗುರುಗಳೇ?"

"ಒಂದೇ ಒಂದು. ಲಿವರ್ ಎಳೆದಾಗಲೆಲ್ಲ ಎಡಗಡೆ ಗುಂಡಿ ನೋಡು. ಅದು ತಿರುಗಿದರೆ ರೀಲು ಓಡ್ತಿದೆ ಅಂತ."

ಪಾರಿಜಾತ ತಲೆಯಾಡಿಸಿದಳು. ಆದರೆ ಅಂಥ ಗೋಡೆಯ ಮುಂದೆ ನಿಂತ ಮೇಲೆ ಗುಂಡಿ ಯಾರಿಗೆ ನೆನಪಿರುತ್ತದೆ! ಕೊಕ್ಕರೆಯ ಕಣ್ಣಿಗೇ ಐದು ಫೋಟೋ ತೆಗೆದಳು.

ಮರುದಿನ ಬೆಳಿಗ್ಗೆ ಕ್ಯಾಮೆರಾ ಎದೆಗವಚಿಕೊಂಡು ಬಂದಳು. ಘಟ್ಟದ ಗೋಡೆ ಆಗಲೇ ಬೆಳ್ಳಗಾಗಿತ್ತು.

"ಗುರುಗಳೇ, ಮೂವತ್ತಾರಕ್ಕೆ ರೀಲು ಮುಗೀಬೇಕಿತ್ತು. ನಲವತ್ತೆರಡು ತೆಗೆದೆ, ಇನ್ನೂ ಮುಗಿದಿಲ್ಲ."

"ಯಾವ ರೀಲು ಹಾಕಿದೆ?"

"ಡಬ್ಬದಲ್ಲಿ ಎರಡಿತ್ತು. ಒಂದರ ತುದಿ ಮಡಚಿಹೋಗಿತ್ತು. ಹಾಳಾಗೋದು ಬೇಡ ಅಂತ ಉಗುರಲ್ಲಿ ತೀಡಿ, ನೆಟ್ಟಗೆ ಮಾಡಿ, ಅದನ್ನೇ ಹಾಕಿದೆ."

ಗುರುಗಳ ಮುಖ ಬಿಳಿಚಿಕೊಂಡಿತು. "ಫೋಟೋ ತೆಗೆದು ಮುಗಿಸಿದ ರೀಲಿನ ತುದೀನ ನಾನೇ ಮಡಚಿಡ್ತೀನಮ್ಮ, ಗುರುತಿಗೆ. ಇಸ್ಮಾಯಿಲ್‌ನ ಗೋಡೆ ಇರೋದು ಅದರಲ್ಲೇ."

ಪಾರಿಜಾತ ಕೈಯಲ್ಲಿದ್ದ ಕ್ಯಾಮೆರಾವನ್ನೇ ನೋಡಿದಳು. ಗುರುಗಳ ಫೋಟೋಗಳ ಮೇಲೆ ಅವಳ ಫೋಟೋಗಳು ಬಿದ್ದು ಕಲಸಿಹೋಗಿದ್ದರೆ, ಆ ಎಮ್ಮೆಯೂ ಇಲ್ಲ, ಆ ತಾಯಿಯೂ ಇಲ್ಲ. ಗೋಡೆಯಂತೂ ಇಲ್ಲವೇ ಇಲ್ಲ.

"ಬಯ್ಯಿರಿ, ಗುರುಗಳೇ."

"ಬಯ್ಯೋದು ಇದ್ದೇ ಇದೆ. ಈಗ ಲಿವರ್ ಎಳಿ. ಗುಂಡಿ ನೋಡು."

ಎಳೆದಳು. ಗುಂಡಿ ಕದಲಲಿಲ್ಲ.

"ಇನ್ನೊಂದು ಸಲ."

ಆಗಲೂ ಕದಲಲಿಲ್ಲ.

ಗುರುಗಳು ನಿಧಾನವಾಗಿ ಕ್ಯಾಮೆರಾದ ಹಿಂದಿನ ಮುಚ್ಚಳ ತೆರೆದರು. ರೀಲಿನ ತುದಿ ಅದನ್ನು ಸುತ್ತಿಕೊಳ್ಳಬೇಕಾದ ಸುರುಳಿಗೆ ಹತ್ತದೆ, ಜಾರಿ, ತನ್ನ ಪಾಡಿಗೆ ತಾನು ಬಿದ್ದುಕೊಂಡಿತ್ತು. ಒಂದಿಂಚೂ ಓಡಿರಲಿಲ್ಲ.

"ಅಂದರೆ, ಗುರುಗಳೇ?"

"ನೀನು ಎಷ್ಟು ತೀಡಿದರೂ ಮಡಿಕೆ ಹೋಗಿಲ್ಲ. ಅದಕ್ಕೇ ಸುರುಳಿ ಹಿಡಿದಿಲ್ಲ. ನಾನು ತೆಗೆದದ್ದೆಲ್ಲ ಬೆಳಕು ತಾಗದೆ ರೀಲಿನ ಡಬ್ಬಿಯೊಳಗೇ ಭದ್ರವಾಗಿದೆ."

ಗುರುಗಳು ಜಗಲಿಯ ಮೇಲೆ ಧೊಪ್ಪನೆ ಕೂತು ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. ಪಾರಿಜಾತಳಿಗೆ ಹೋದ ಜೀವ ಬಂದಂತಾಯಿತು. ಅತ್ತಳು, ನಕ್ಕಳು, ಸೆರಗಿನಲ್ಲಿ ಮೂಗೊರೆಸಿಕೊಂಡಳು.

"ಹಾಗಾದರೆ ನನ್ನ ನಲವತ್ತೆರಡು?"

"ಒಂದೂ ಇಲ್ಲ."

"ಸದ್ಯ!" ಎಂದಳು ಪಾರಿಜಾತ.

ಗುರುಗಳು ಹೊಸ ರೀಲನ್ನು ಅವಳ ಕೈಗಿಟ್ಟರು. "ಹೋಗು, ಆ ಗೋಡೆಯ ಫೋಟೋ ತೆಗೆದುಕೊಂಡು ಬಾ."

"ಬರೀ ಸುಣ್ಣದಲ್ಲಿ ಏನು ನೋಡಲಿ, ಗುರುಗಳೇ?"

"ಮೊದಲು ಗುಂಡಿ ನೋಡಮ್ಮ. ಗೋಡೆ ಆಮೇಲೆ."