ಮೊದಲ ದಿನದ ಪಾಠ

ಗುರುಗಳ ಬಳಿ ತರ್ಕಶಾಸ್ತ್ರ ಓದುತ್ತಿದ್ದ ಶ್ರೀಕರ ಒಂದು ಬೆಳಿಗ್ಗೆ ಕೇಳಿದ: "ಗುರುಗಳೇ, ವಿಶ್ವವಿದ್ಯಾಲಯದಲ್ಲಿ ಪಾಠವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲು ಮೇಷ್ಟ್ರ ಅನುಮತಿ ಬೇಕಂತೆ. ಕಿವಿಗೆ ಬೇಡದ ಅನುಮತಿ ಮೊಬೈಲಿಗೆ ಏಕೆ?"

ಗುರುಗಳು ನಕ್ಕರು. ಕೂತುಕೋ ಮಾರಾಯ, ಒಂದು ಕತೆ ಹೇಳುತ್ತೇನೆ ಎಂದರು. ಶ್ರೀಕರ ಅಂಗಿಯ ಜೇಬನ್ನೊಮ್ಮೆ ಮುಟ್ಟಿ ನೋಡಿಕೊಂಡು ಕೂತ.

ಒಂದು ವಿಶ್ವವಿದ್ಯಾಲಯದಲ್ಲಿ ಒಬ್ಬ ಶಾಸ್ತ್ರದ ಮೇಷ್ಟ್ರಿದ್ದರು. ಅವರ ಪಾಠದ ಕ್ರಮ ನಮ್ಮ ಹಿರಿಯರದ್ದೇ. ಮೊದಲ ದಿನ ಎದುರಾಳಿಯ ವಾದ, ಅಂದರೆ ಪೂರ್ವಪಕ್ಷ. ಮರುದಿನ ಅದನ್ನು ಕೆಡವಿ ತಮ್ಮ ಸಿದ್ಧಾಂತ. ಪೂರ್ವಪಕ್ಷವನ್ನು ಕಾಟಾಚಾರಕ್ಕೆ ಹೇಳುವವರಲ್ಲ ಅವರು. ಎದುರಾಳಿಯೇ ತಲೆದೂಗಬೇಕು, ಹಾಗೆ ಹೇಳುತ್ತಿದ್ದರು. ಮರುದಿನದ ಗುಟ್ಟನ್ನು ಮಾತ್ರ ಬಿಟ್ಟುಕೊಡುತ್ತಿರಲಿಲ್ಲ. ಹುಡುಗರು ಒಂದು ದಿನ ತಲೆ ಕೆರೆದುಕೊಳ್ಳಲಿ ಎಂಬ ಆಸೆ.

ಆ ವರ್ಷ ತರಗತಿಯಲ್ಲಿ ಎಲ್ಲರೂ ಹೊಸಬರು. ಮೊದಲ ವಿಷಯ, ಕಲಿಯಲು ಗುರು ಬೇಕೇ? ಮೇಷ್ಟ್ರು ಮೇಜು ಗುದ್ದಿ ಗುದ್ದಿ, ಬೇಕಿಲ್ಲ, ಪುಸ್ತಕವೊಂದಿದ್ದರೆ ಸಾಕು ಎಂದು ವಾದಿಸಿದರು. ಒಬ್ಬ ವಿದ್ಯಾರ್ಥಿ ಅದನ್ನು ಗುಟ್ಟಾಗಿ ರೆಕಾರ್ಡ್ ಮಾಡಿಕೊಂಡ. ಪಾಪ, ಕೆಟ್ಟವನಲ್ಲ. ಅವನಿಗೆ ಆ ಶಾಸ್ತ್ರವೆಂದರೆ ಪ್ರಾಣ. ಇಂಥ ಪಾಠ ಎಲ್ಲರಿಗೂ ಸಿಗಲಿ ಎಂದು ಹಿಗ್ಗಿನಿಂದ ಊರಿಗೆಲ್ಲ ಕಳಿಸಿಬಿಟ್ಟ.

ಅದು ಕುಲಪತಿಗಳ ಕಿವಿಗೂ ಬಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ ಆ ಮಹಾನುಭಾವರು. ಗುರು ಬೇಡವೆಂದು ಮೇಷ್ಟ್ರೇ ಹೇಳಿದ ಮೇಲೆ ತರಗತಿ ಏಕೆಂದು, ಅದನ್ನು ಮುಚ್ಚಲು ಆಜ್ಞೆ ಬರೆಸಿದರು. ಮರುದಿನ ಪಾಠಕ್ಕೆಂದು ಬಂದ ಆ ಹುಡುಗ ಬಾಗಿಲಿಗೆ ಬೀಗ ಬಿದ್ದಿದ್ದು ಕಂಡು ಅತ್ತೇಬಿಟ್ಟ. ಓಡಿಹೋಗಿ ಮೇಷ್ಟ್ರ ಕಾಲಿಗೆ ಬಿದ್ದು ನಡೆದದ್ದೆಲ್ಲ ಹೇಳಿದ.

ಮೇಷ್ಟ್ರು ಅವನನ್ನು ಎಬ್ಬಿಸಿದರು. "ನನ್ನನ್ನೊಂದು ಮಾತು ಕೇಳಿದ್ದರೆ, ಇವತ್ತಿನದೊಂದೇ ಬೇಡಪ್ಪ, ನಾಳೆಯದನ್ನೂ ಸೇರಿಸಿ ರೆಕಾರ್ಡ್ ಮಾಡಿಕೋ ಅನ್ನುತ್ತಿದ್ದೆ, ಅಷ್ಟೇ" ಎಂದರು.

ಅವನನ್ನು ಕರೆದುಕೊಂಡೇ ಕುಲಪತಿಗಳ ಕೋಣೆಗೆ ಹೋದರು. ಅಲ್ಲಿ ಆ ರೆಕಾರ್ಡನ್ನು ಮತ್ತೆ ಹಾಕಿಸಿದರು. ಅದು ಮೊದಲು ಹೇಳಿದ್ದನ್ನೇ ಹೇಳಿ ಸುಮ್ಮನಾಯಿತು. ಇದು ನನ್ನ ಮಾತಲ್ಲ, ಎದುರಾಳಿಯದು ಎಂದು ಈ ರೆಕಾರ್ಡು ನಿಮಗೆ ಹೇಳಿತೇ ಸ್ವಾಮಿ, ಹೇಳಲು ನಾನೇ ಬರಬೇಕಾಯಿತಲ್ಲ, ಗುರು ಬೇಕು ಎನ್ನುವುದಕ್ಕೆ ಇದೇ ನನ್ನ ಸಿದ್ಧಾಂತ ಎಂದರು. ಕುಲಪತಿಗಳು ಪೆಚ್ಚಾದರು, ಆಮೇಲೆ ನಕ್ಕರು. ಆಜ್ಞೆಯನ್ನು ಹರಿದು ಬೀಗದ ಕೈಯನ್ನು ಹುಡುಗನ ಕೈಗೇ ಕೊಟ್ಟರು. ಅಂದು ಮಧ್ಯಾಹ್ನವೇ ಪಾಠ ನಡೆಯಿತು.

ಶ್ರೀಕರನಿಗೆ ಬಹಳ ಸಂತೋಷವಾಯಿತು. ಈ ಕತೆಯನ್ನು ಎಲ್ಲರಿಗೂ ಕೇಳಿಸಬೇಕು ಗುರುಗಳೇ ಎಂದ.

ಗುರುಗಳು ಅವನ ಜೇಬಿನತ್ತ ನೋಡಿದರು.

"ಕೇಳಿಸಪ್ಪ, ಆದರೆ ಈಗ ನಾನು ಹೇಳಿದ್ದು ಪೂರ್ವಪಕ್ಷವೋ ಸಿದ್ಧಾಂತವೋ ಎಂದು ನಿನ್ನ ಜೇಬಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿರುವ ಮೊಬೈಲನ್ನೊಮ್ಮೆ ಕೇಳಿ ನೋಡು."