ಮರಳುತೊಟ್ಟಿಗೆ ಬಿದ್ದ ಮುದ್ರೆ

"ನಿನ್ನಿಂದಾಗಲ್ಲ" ಅಂತ ಅವಳಿಗೆ ಮೊದಲು ಹೇಳಿದವನು ಅವಳ ಭಾವ. "ಮಾಳವ್ವ, ಅದು ಸೌಟು ಹಿಡಿಯೋ ಕೈ. ಉಳಿ ಹಿಡಿಯೋ ಕೈಯಲ್ಲ" ಅಂದ. ಎರಡನೆಯವರು ಊರ ಶಾನುಭೋಗರು. "ಅಕ್ಷರ ನಿನಗೆ ಹತ್ತಲ್ಲ ಕಣಮ್ಮ. ಹೋಗು, ಹಸು ಕಟ್ಟು" ಅಂದರು. ಮೂರನೆಯವನು ಅರಮನೆಯ ಹಿರಿಯ ಬಡಗಿ ನಾಗೋಜ. ಅವನು ನಕ್ಕೇಬಿಟ್ಟ. "ನೀನು ಮಾಡಿದ ಮಣೆ ಮೇಲೆ ಕೋಳಿ ಕೂಡ ಕೂರಲ್ಲ!"

ಕೇಳಿಸಿಕೊಳ್ಳಿ ಮಕ್ಕಳೇ, ಇದು ಹೊಳೆಸಾಲು ಅನ್ನೋ ರಾಜ್ಯದಲ್ಲಿ ನಡೆದದ್ದು. ಮೂವರ ಮಾತನ್ನೂ ನುಂಗಿಕೊಂಡು ಮಾಳವ್ವ ಉಳಿ ಹಿಡಿದಳು. ಕಲಿಸುವ ಗುರುವಿಲ್ಲ, ಕೂರುವ ಮಠವಿಲ್ಲ. ಬಡಗಿಗಳು ಕಾದ ಕಬ್ಬಿಣದಿಂದ ಬಾಗಿಲಿಗೂ ಬಂಡಿಗೂ ತಮ್ಮ ಹೆಸರಿನ ಮುದ್ರೆ ಒತ್ತುತ್ತಿದ್ದರಲ್ಲ, ಆ ಅಕ್ಷರಗಳ ಮೇಲೆ ಬೆರಳಾಡಿಸಿ ಆಡಿಸಿಯೇ ಓದು ಕಲಿತಳು. ತೊಟ್ಟಿಲು ಮಾಡಿದಳು. ಮಣೆ ಮಾಡಿದಳು. ಕೂಸುಗಳು ನಡೆ ಕಲಿಯುವ ಮೂರುಗಾಲಿ ಗಾಡಿ ಮಾಡಿದಳು. ಆದರೆ ಆ ರಾಜ್ಯದಲ್ಲಿ ಹೆಂಗಸಿಗೆ ಮುದ್ರೆ ಇರಲಿಲ್ಲ. ಅವಳು ಮಾಡಿದ್ದೆಲ್ಲ ಯಾರದೋ ಹೆಸರು ಹೊತ್ತು ಹೋಗುತ್ತಿತ್ತು. ಈ ಸಂಕಟ ಅವಳನ್ನು ಕೂರಲು ಬಿಡಲಿಲ್ಲ, ನಿಲ್ಲಲು ಬಿಡಲಿಲ್ಲ. ಉಣ್ಣುವಾಗಲೂ ಅವಳ ಬೆರಳು ತಟ್ಟೆಯಂಚಿನಲ್ಲಿ ತನ್ನ ಹೆಸರು ಬರೆಯುತ್ತಿತ್ತು.

ರಾಜ ವೀರಮಲ್ಲನಿಗೆ ಮೂವರು ಮಕ್ಕಳು. ದೊಡ್ಡವನು ಅಗೆಯುವವನು, ನಡುವಿನವಳು ಸುರಿಯುವವಳು, ಕಿರಿಯವನು ಕಚ್ಚುವವನು. ಗೋಡೆ ಕೆಲಸಕ್ಕೆ ತಂದ ಮರಳು ಹಿತ್ತಲಲ್ಲಿ ರಾಶಿ ಬಿದ್ದಿತ್ತು. ಮಕ್ಕಳು ಅದರಲ್ಲೇ ಹೊರಳಾಡಿದರು. ಒಂದು ದಿನ ಇರುವೆ ಕಚ್ಚಿತು. ಇನ್ನೊಂದು ದಿನ ಮುಳ್ಳು ಚುಚ್ಚಿತು. ಮೂರನೆಯ ದಿನ ಚೇಳು ಬಂತು.

"ಹಿತ್ತಲಲ್ಲಿ ಮರದ ತೊಟ್ಟಿ ಆಗಬೇಕು, ಒಳ್ಳೆ ಮರಳು ತುಂಬಬೇಕು" ಅಂದಳು ರಾಣಿ.

ನಾಗೋಜ ಮೂಗು ಮುರಿದ. "ಸಿಂಹಾಸನ ಕೆತ್ತಿದ ಕೈಯಲ್ಲಿ ಮರಳಿಗೆ ಬೇಲಿ ಕಟ್ಟೋದಾ? ಬೇರೆ ಯಾರಿಗಾದರೂ ಹೇಳಿ ಅಮ್ಮಣ್ಣಿ."

ಸುದ್ದಿ ಕೇಳಿ ಮಾಳವ್ವ ಸಭೆಗೆ ಬಂದಳು. "ನಾನು ಮಾಡ್ತೀನಿ. ಕೂಲಿ ಬೇಡ. ನನ್ನ ಹೆಸರಿಗೊಂದು ಮುದ್ರೆ ಬೇಕು."

ಸಭೆ ಗುಸುಗುಸು ಅಂದಿತು. ರಾಜ ಗಡ್ಡ ನೀವಿಕೊಂಡ. "ತೊಟ್ಟಿ ಮಾಡಿ ಮುಗಿಸು. ಮುದ್ರೆಯೂ ಉಂಟು, ಕೋಟೆಬಾಗಿಲ ಹತ್ತಿರ ಕೆಲಸದ ಕೊಟ್ಟಿಗೆಯೂ ಉಂಟು."

ಹುಳ ಹತ್ತದಿರಲಿ ಅಂತ ಬೇವಿನ ಮರ ತಂದಳು. ಹಲಗೆಯ ಮೂಲೆಗಳನ್ನು ಹಲ್ಲಿಗೆ ಹಲ್ಲು ಕಚ್ಚಿದ ಹಾಗೆ ಕೂರಿಸಿದಳು, ಮೊಳೆ ಒಂದೂ ಇಲ್ಲ. ಮಳೆನೀರು ಇಳಿದುಹೋಗಲಿ ಅಂತ ತಳದ ಪಟ್ಟಿಗಳ ನಡುವೆ ಸಂದು ಬಿಟ್ಟು, ಮರಳು ಸೋರದಂತೆ ಮೇಲೆ ತೆಂಗಿನ ನಾರಿನ ಚಾಪೆ ಹಾಸಿದಳು. ಬೆಕ್ಕು ಬಂದು ಗಲೀಜು ಮಾಡದಿರಲಿ ಅಂತ ಬಿದಿರ ಮುಚ್ಚಳ ಹೆಣೆದಳು. ಅಂಚನ್ನು ಉಜ್ಜಿ ಉಜ್ಜಿ ತನ್ನ ಕೆನ್ನೆ ಒತ್ತಿ ನೋಡಿದಳು. ಚುಚ್ಚಿತು. ಮತ್ತೆ ಉಜ್ಜಿದಳು.

ಆಮೇಲೆ ಮರಳಿಗೆ ಹೊಳೆಗೆ ಹೋದಳು. ಮೊದಲ ಸಲ ತಂದದ್ದರಲ್ಲಿ ಚಿಪ್ಪಿನ ಚೂರು. ಚೆಲ್ಲಿದಳು. ಎರಡನೆಯ ಸಲದ್ದರಲ್ಲಿ ಜೇಡಿ. ಅದನ್ನೂ ಚೆಲ್ಲಿದಳು. ಮೂರನೆಯ ಸಲ ಜರಡಿ ಹಿಡಿದು, ತೊಳೆದು, ಒಣಗಿಸಿ, ಬಂಡಿ ತುಂಬಿಸಿಕೊಂಡು ಬಂದು ನೋಡುತ್ತಾಳೆ, ತೊಟ್ಟಿಯ ನಾಲ್ಕು ಹಲಗೆಯಲ್ಲೂ ಕಪ್ಪಗೆ ಸುಟ್ಟ ಅಕ್ಷರ! ಪಕ್ಕದಲ್ಲಿ ನಾಗೋಜ, ಕೈಯಲ್ಲಿ ಇನ್ನೂ ಹೊಗೆಯಾಡುವ ಕಬ್ಬಿಣ. ಹೆಂಗಸೊಬ್ಬಳು ಮುದ್ರೆ ಪಡೆದರೆ ನಾಳೆ ತನ್ನ ಬೆಲೆ ಏನಾಗಬೇಕು ಅನ್ನುವ ಉರಿ ಅವನಿಗೆ.

"ಏನು ನೋಡ್ತಾ ಇದ್ದೀಯ? ಓದೋಕೆ ಬರುತ್ತಾ?"

"ಬರುತ್ತೆ ನಾಗೋಜಣ್ಣ. 'ನಾಗೋಜನ ಕೆಲಸ' ಅಂತಿದೆ. ನಾನು ಮೊಟ್ಟಮೊದಲು ಓದಿ ಕಲಿತ ಹೆಸರೇ ನಿಮ್ಮದು."

ಮಾಳವ್ವ ಮರ ಕೆತ್ತುವ ಬಾಚಿಯನ್ನು ಎತ್ತಿದಳು. ಇಳಿಸಿದಳು. ಮತ್ತೆ ಎತ್ತಿ ಮತ್ತೆ ಇಳಿಸಿದಳು. ತೊಟ್ಟಿಯ ಸುತ್ತ ಬಿರಬಿರನೆ ತಿರುಗಿದಳು. ಒಂದು ಸುತ್ತಿಗೆ ಸಿಟ್ಟು, ಎರಡನೆಯ ಸುತ್ತಿಗೆ ಅಳು, ಮೂರನೆಯ ಸುತ್ತಿಗೆ ಉಪಾಯ.

ರಾಜ ಬಂದ. ರಾಣಿ ಬಂದಳು. "ಇವಳ ತೊಟ್ಟಿ ಸೊಟ್ಟಗಿತ್ತು ಬುದ್ಧಿ, ಬಿಚ್ಚಿ ನಾನೇ ಹೊಸದಾಗಿ ಮಾಡಿದೆ" ಅಂದ ನಾಗೋಜ.

"ಮುದ್ರೆ ಯಾರದೋ ಕೆಲಸ ಅವರದು, ಅದು ನಮ್ಮ ಕಟ್ಟಳೆ" ಅಂದ ರಾಜ, ಮುಖ ಸಣ್ಣದು ಮಾಡಿಕೊಂಡು. "ನೀನೇನಂತೀಯವ್ವ?"

"ಮುದ್ರೆ ಅವರದೇ ಬುದ್ಧಿ. ಇನ್ನೊಂದು ಕಟ್ಟಳೆಯೂ ಇದೆಯಲ್ಲ, ಅದೂ ನಡೆದುಬಿಡಲಿ. ಮಕ್ಕಳ ಸಾಮಾನು ಮಾಡಿದವರು ಮೊದಲು ತಾವೇ ಅದರಲ್ಲಿ ಆಡಬೇಕು. ಮಕ್ಕಳು 'ಸಾಕು' ಅನ್ನೋ ತನಕ ಬಿಡೋ ಹಾಗಿಲ್ಲ. ಗಾಡಿ ಮಾಡಿದಾಗ ನಾನೂ ಅದನ್ನು ಹಿಡಿದು ಕುಕ್ಕರಗಾಲಲ್ಲಿ ಬೀದಿ ಸುತ್ತಿದ್ದೀನಿ."

ನಾಗೋಜ ಜೀವಮಾನದಲ್ಲಿ ಮಾಡಿದ್ದು ಸಿಂಹಾಸನ, ಬಾಗಿಲು, ಮಂಚ. ಮಕ್ಕಳ ಸಾಮಾನು ಮುಟ್ಟಿದವನಲ್ಲ. "ಇಷ್ಟೇನಾ?" ಅಂದ. ಬಂಡಿಯ ಮರಳು ತೊಟ್ಟಿಗೆ ಬಿದ್ದದ್ದೇ ಪಂಚೆ ಎತ್ತಿಕಟ್ಟಿ ಅದರಲ್ಲಿ ಕೂತ.

ದೊಡ್ಡವನು ಅವನ ಕಾಲು ಹೂತ. "ಸಾಕೇನಪ್ಪ?" ಅಂತ ರಾಜ ಕೇಳಿದ. "ಇನ್ನೂ!" ಅಂದವು ಮಕ್ಕಳು. ನಡುವಿನವಳು ಕೊಡ ಕೊಡ ನೀರು ಸುರಿದಳು. "ಸಾಕೇನಮ್ಮ?" "ಇನ್ನೂ!" ಕಿರಿಯವನು ಅವನ ರುಮಾಲಿನ ಮೇಲೆ ಮರಳ ಗೋಪುರ ಕಟ್ಟಿ, ಅಲುಗಾಡಿದಾಗಲೆಲ್ಲ ಕಿವಿ ಕಚ್ಚಿದ.

ಹೊತ್ತು ನೆತ್ತಿಗೇರಿತು. ದೊಡ್ಡವನು ಆಕಳಿಸಿದ. ಮಾಳವ್ವ ಅದನ್ನು ಕಂಡಳು. ಮಕ್ಕಳ ಬಾಯಿಂದ 'ಸಾಕು' ಬಿದ್ದರೆ ತನ್ನ ಹೆಸರೂ ಅಲ್ಲಿಗೇ ಬಿತ್ತು. ನಾಗೋಜ ಅದನ್ನೇ ಕಾಯುತ್ತಿದ್ದ. "ಸಾಕು ಅನ್ನು ನನ್ನಪ್ಪ, ಬೆಲ್ಲ ಕೊಡ್ತೀನಿ" ಅಂತ ಕಿರಿಯವನ ಕಿವಿಯಲ್ಲಿ ಪಿಸುಗುಟ್ಟಿದ. ಮಗು ಬಾಯಿ ತೆರೆಯಿತು.

ಮಾಳವ್ವ ಓಡಿಹೋಗಿ ತನ್ನ ಜರಡಿಯನ್ನೂ ಮೂರು ತೆಂಗಿನ ಕರಟವನ್ನೂ ತೊಟ್ಟಿಯೊಳಗೆ ಹಾಕಿದಳು. ಆಕಳಿಕೆ ಹಾರಿಹೋಯಿತು. "ಇವರನ್ನ ಜರಡಿ ಹಿಡಿಯೋಣ!" ಅಂತ ಮೂವರೂ ನಾಗೋಜನ ನೆತ್ತಿಯ ಮೇಲೆ ಮರಳು ಸುರಿದರು. ಮೂಗಲ್ಲಿ ಮರಳು, ಬಾಯಲ್ಲಿ ಮರಳು.

"ನಾನಲ್ಲ!" ಅಂತ ಕಿರುಚಿದ ನಾಗೋಜ. "ಮಾಡಿದವನು ನಾನಲ್ಲ ಬುದ್ಧಿ! ಮುದ್ರೆ ಒತ್ತಿದ್ದಷ್ಟೇ ನಾನು! ಮಾಡಿದವಳು ಅವಳು, ಅವಳನ್ನ ಕೂರಿಸಿ!"

ಹಿತ್ತಲು ನಗೆಯಲ್ಲಿ ಮುಳುಗಿತು. ರಾಜ ಮಾತ್ರ ನಗಲಿಲ್ಲ. "ನಿನ್ನ ಹೆಸರನ್ನು ನಿನ್ನ ಕೈಯಾರೆ ಕೆತ್ತಿ ತೆಗಿ" ಅಂದ. ನಾಲ್ಕು ಹಲಗೆಯ ನಾಲ್ಕು ಮುದ್ರೆಯನ್ನೂ ನಾಗೋಜ ಎಲ್ಲರೆದುರು ಕೆತ್ತಿ ತೆಗೆದ.

ಕಟ್ಟಳೆ ಮಾಳವ್ವನನ್ನೂ ಬಿಡುವುದಿಲ್ಲವಲ್ಲ! ಕೂತಲ್ಲಿ ಕೂರಲಾರದ ಹೆಂಗಸು ಮರಳಲ್ಲಿ ಕೂತಳು. ಮೂರು ಹಗಲು ಕೂತಳು. ಮೂರನೆಯ ದಿನ ಕಿರಿಯವನು ಅವಳ ಮಡಿಲಲ್ಲೇ ತೂಕಡಿಸುತ್ತ "ಸಾಕು" ಅಂದ.

ನೀತಿ ಇಷ್ಟೇ ಮಕ್ಕಳೇ: ಬೇರೆಯವರ ಕೆಲಸಕ್ಕೆ ಹೆಸರು ಒತ್ತುವುದು ಸುಲಭ, ಆ ಕೆಲಸದ ಹೊರೆ ಹೊರುವುದು ಕಷ್ಟ. ಹೊರೆ ಹೊತ್ತವರದೇ ಹೆಸರು.

ಈಗ ಕೋಟೆಬಾಗಿಲ ಹತ್ತಿರದ ಕೊಟ್ಟಿಗೆ ಮಾಳವ್ವನದು. ಎರಡು ಗರಗಸ, ಏಳು ಉಳಿ, ತಾನೇ ಅಕ್ಷರ ಕೂಡಿಸಿ ಓದಿದ ಮೂರು ಓಲೆಗರಿ ಕಟ್ಟು, 'ಮಾಳವ್ವನ ಕೆಲಸ' ಅನ್ನುವ ಮುದ್ರೆ, ಎಲ್ಲ ಅವಳವೇ. ಅದಕ್ಕೆ ಅವಳು ತೆತ್ತದ್ದು ಹನ್ನೊಂದು ವರ್ಷ ಮತ್ತು ಗರಗಸಕ್ಕೆ ಸಿಕ್ಕಿದ ಎಡಗೈಯ ಕಿರುಬೆರಳು. ಇನ್ನೂ ಒಂದುಂಟು. ಅವಳಿಗೊಬ್ಬಳು ಮಗಳಿದ್ದಳು, ಆ ವರ್ಷಗಳಲ್ಲೆಲ್ಲ ಮೂಲೆಯಲ್ಲಿ ಮರದ ಹೊಟ್ಟು ಗುಡ್ಡೆ ಮಾಡಿಕೊಂಡು ಒಬ್ಬಳೇ ಆಡುತ್ತಿದ್ದಳು. ಅವಳಿಗೂ ಒಂದು ಮರಳುತೊಟ್ಟಿ ಮಾಡೋಣ ಅಂತ ಮಾಳವ್ವ ಹಲಗೆ ಎತ್ತಿಕೊಳ್ಳುವ ಹೊತ್ತಿಗೆ, ಮಗಳಿಗೆ ಆಡುವ ವಯಸ್ಸು ಮುಗಿದಿತ್ತು.