ಹರಟೆಮಲ್ಲ ಹಕ್ಕಿಯ ಸಡಿಲ ಬಾಲ

ಭೂಮಿಯ ಮಣ್ಣು ಇನ್ನೂ ಹಸಿಹಸಿಯಾಗಿದ್ದ ಕಾಲ. ಹೊಳೆಗಳಿಗೆ ತಮ್ಮ ದಾರಿ ಇನ್ನೂ ಬಾಯಿಪಾಠವಾಗಿರಲಿಲ್ಲ. ಹಕ್ಕಿಗಳೆಲ್ಲ ಮಣ್ಣಿನ ಬಣ್ಣದವೇ.

ಆಗ ದೇವರು ಬಣ್ಣದ ಗಡಿಗೆಗಳನ್ನು ಇಟ್ಟುಕೊಂಡು ಬೆಟ್ಟದ ಮೇಲೆ ಕೂತಿದ್ದ. ಒಳ್ಳೆಯದು ಮಾಡಿದವರನ್ನು ಕರೆದು ಗರಿಗೆ ಬಣ್ಣ ಹಚ್ಚುತ್ತಿದ್ದ. ಕೆಟ್ಟದ್ದು ಮಾಡಿದವರ ಪಕ್ಕದಲ್ಲಿ ಸಣ್ಣದೊಂದು ಸಿಡಿಲು ಬೀಳುತ್ತಿತ್ತು. ಮೀನು ಹಂಚಿ ತಿಂದ ಮಿಂಚುಳ್ಳಿ ನೀಲಿಯಾಯಿತು. ಕುರುಡು ಕೊಕ್ಕರೆಗೆ ದಾರಿ ತೋರಿಸಿದ ಗಿಳಿ ಹಸಿರಾಯಿತು.

ಒಂದು ಜಾಲಿಮರದಲ್ಲಿ ಹರಟೆಮಲ್ಲ ಹಕ್ಕಿಗಳ ಸಂಸಾರ. ಏಳು ಜನ ಅಕ್ಕತಂಗಿಯರು. ಅವರಲ್ಲೊಂದು ಕಟ್ಟಳೆ. ಆರು ಜನ ಕೆಳಗೆ ಹುಳು ಹೆಕ್ಕುವಾಗ ಒಬ್ಬಳು ಮರದ ತುದಿಯಲ್ಲಿ ಕೂತು ಗಿಡುಗ ಬಂತೇ ಎಂದು ನೋಡಬೇಕು. ಕಾವಲಿನವಳು ಏನೂ ತಿನ್ನುವಂತಿಲ್ಲ.

ಕೊನೆಯ ತಂಗಿ ಕೆಂಚಿಗೆ ಹಳದಿ ಬಾಲದ ಆಸೆ.

"ಇವತ್ತು ನನ್ನ ಕಾವಲು. ಸಂಜೆಗೆ ದೇವರು ಕರೀತಾನೆ, ನೋಡ್ತಾ ಇರಿ," ಎಂದಳು.

"ಬಾಲ ಬಂದಮೇಲೆ ನಮ್ಮನ್ನ ಮಾತಾಡಿಸ್ತೀಯೇನೇ?" ದೊಡ್ಡಕ್ಕ ರೇಗಿಸಿದಳು. ಅವಳ ಮಗ್ಗುಲಲ್ಲಿ ರೆಕ್ಕೆ ಬಲಿಯದ ಮರಿ ಕುಪ್ಪಳಿಸುತ್ತಿತ್ತು.

ಕೆಂಚಿ ತುದಿಗೆ ಏರಿದಳು. ಅಷ್ಟರಲ್ಲಿ ಗಾಳಿ ಬೆಟ್ಟದಿಂದ ಇಳಿದು ಸಾರುತ್ತಾ ಬಂತು. "ಕೇಳ್ರಪ್ಪೋ ಕೇಳಿ! ದೇವರು ಗಡಿಗೆಗಳ ಬಾಯಿ ಕಟ್ಟಿದ್ದಾನೆ. ಇನ್ನು ಬಣ್ಣವೂ ಇಲ್ಲ, ಸಿಡಿಲೂ ಇಲ್ಲ!"

"ಯಾಕಂತೆ?" ಕೆಂಚಿ ಕೇಳಿದಳು.

"ಎಲ್ಲರೂ ನನ್ನ ಕೈಯನ್ನೇ ನೋಡ್ತಾರೆ, ಪಕ್ಕದವರ ಮುಖ ನೋಡೋರಿಲ್ಲ ಅಂದ."

ಮಿಂಚುಳ್ಳಿ ಆಗಲೇ ಇಡೀ ಮೀನನ್ನು ತಾನೊಂದೇ ನುಂಗಿತು. ಗಿಳಿ ಕೊಕ್ಕರೆಯನ್ನು ನಡುದಾರಿಯಲ್ಲಿ ಬಿಟ್ಟು ಹಾರಿತು.

ಕೆಂಚಿಗೆ ಅಳುವೇ ಬಂತು. ಮುಳ್ಳಿನ ಮೇಲೆ ಹಸಿದು ಕೂರುವುದು ಇನ್ನು ಯಾತಕ್ಕೆ? ಕೆಳಗೆ ಹುತ್ತದಿಂದ ಗೆದ್ದಲು ಎದ್ದಿತ್ತು. ಒಂದು ಕೊಂಬೆ ಇಳಿದಳು. ಸಿಡಿಲು ಬೀಳಲಿಲ್ಲ. ಇನ್ನೊಂದು ಕೊಂಬೆ ಇಳಿದಳು. ಆಗಲೂ ಬೀಳಲಿಲ್ಲ. ಮೆಲ್ಲಗೆ ಹುತ್ತದ ಮರೆಗೆ ಇಳಿದು ಒಂದು ಗೆದ್ದಲು ಬಾಯಿಗೆ ಹಾಕಿಕೊಂಡಳು. ಮೇಲೆ ಕೆಂಚಿ ಇದ್ದಾಳೆ ಎಂಬ ಧೈರ್ಯದಲ್ಲಿ ಅಕ್ಕಂದಿರು ಯಾರೂ ತಲೆ ಎತ್ತಲಿಲ್ಲ.

ಆಗ ಮರಿಯ ಮೇಲೊಂದು ನೆರಳು ಹಾದುಹೋಯಿತು.

"ಗಿಡುಗ! ಗಿಡುಗ!"

ಬಾಯೊಳಗಿನ ಗೆದ್ದಲು ಉದುರಿತು. ಕೆಂಚಿ ಅರಚುತ್ತಲೇ ಓಡಿ ಮರಿಗೆ ಅಡ್ಡ ಬಿದ್ದಳು. ಅಕ್ಕಂದಿರು ಮರಿಯನ್ನು ನೂಕಿಕೊಂಡು ಕಾರೆಪೊದೆಯೊಳಗೆ ಮಾಯವಾದರು. ಗಿಡುಗನ ಉಗುರಿಗೆ ಸಿಕ್ಕಿದ್ದು ಕೆಂಚಿಯ ಬಾಲ ಮಾತ್ರ. ಅದು ಬುಡಸಮೇತ ಕಿತ್ತು ಬಂತು.

ಸ್ವಲ್ಪ ಹೊತ್ತಿಗೆ ದೇವರೇ ನಡೆದುಕೊಂಡು ಬಂದ. ಕೈಯಲ್ಲಿ ಆ ಬಾಲ ಇತ್ತು.

"ಕಾವಲು ಬಿಟ್ಟೆ ಸ್ವಾಮಿ. ತಪ್ಪಾಯ್ತು," ಎಂದಳು ಕೆಂಚಿ.

"ಅದು ಗೊತ್ತವ್ವ. ಗಡಿಗೆಯ ಬಾಯಿ ಕಟ್ಟಿತ್ತಲ್ಲ, ಮತ್ತೆ ಅಡ್ಡ ಬಿದ್ದದ್ದು ಯಾಕೆ?"

ಕೆಂಚಿ ತಲೆ ತಗ್ಗಿಸಿದಳು. "ಬೇಜಾರು ಮಾಡ್ಕೋಬೇಡ ಸ್ವಾಮಿ. ಆಗ ನಿನ್ನ ನೆನಪೇ ಬರಲಿಲ್ಲ. ಮರಿ ಕಂಡಿತು, ಅಷ್ಟೆ."

ದೇವರು ನಕ್ಕ. ಜಾಲಿಯ ಒಣಗಾಯಿಗಳೆಲ್ಲ ಗಲಗಲ ಎಂದವು. "ಹಾಗೆ ಮರೆತವರನ್ನ ನಾನು ಮರೆಯೋದಿಲ್ಲ. ಬಾ, ಹಳದಿ ಗಡಿಗೆ ಬಿಚ್ಚುತ್ತೇನೆ."

"ಬೇಡ ಸ್ವಾಮಿ! ಹಳದಿ ಬಾಲ ಇಟ್ಕೊಂಡು ತುದಿಯಲ್ಲಿ ಕೂತರೆ ನಾನು ಗಿಡುಗನ್ನ ನೋಡೋಕೆ ಮುಂಚೆ ಅವನೇ ನನ್ನ ನೋಡ್ತಾನೆ. ಮಣ್ಣಿನ ಬಣ್ಣವೇ ಇರಲಿ. ಬೇಗ ಅಂಟಿಸು, ನನ್ನ ಕಾವಲು ಇನ್ನೂ ಮುಗಿದಿಲ್ಲ."

"ಒಂದು ಗಳಿಗೆ ಸುಮ್ನೆ ನಿಲ್ಲೇ," ಎಂದ ದೇವರು, ಬಾಲ ಅಂಟಿಸುತ್ತಾ. ಕೆಂಚಿ ನಿಲ್ಲಲಿಲ್ಲ. ಅಂಟು ಒಣಗುವ ಮೊದಲೇ ಮರದ ತುದಿ ಸೇರಿದ್ದಳು.

ನಾಳೆ ಬೆಳಗ್ಗೆ ಬೇಲಿಯ ಹತ್ತಿರ ನೋಡು ಮಗೂ. ಮಣ್ಣಿನ ಬಣ್ಣದ ಹಕ್ಕಿಗಳು ಗಲಾಟೆ ಮಾಡುತ್ತಾ ಹುಳು ಹೆಕ್ಕುತ್ತಿರುತ್ತವೆ. ಮೇಲೆ ಒಂದು ಹಕ್ಕಿ ಮಾತ್ರ ಏನೂ ತಿನ್ನದೆ ಸುತ್ತ ನೋಡುತ್ತಾ ಕೂತಿರುತ್ತದೆ, ಅದರ ಬಾಲ ಈಗಲೋ ಆಗಲೋ ಕಳಚಿ ಬೀಳುವ ಹಾಗೆ ಸಡಿಲವಾಗಿ ತೂಗುತ್ತಿರುತ್ತದೆ.